ಕಾಲಡಿಯ ಕಲ್ಲು: ಭೂಕವಚದ ಖನಿಜ ಮತ್ತು ಶಿಲೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಲಿನ ಮಾತು ಬಂದರೆ ಜನ ಮೊದಲು ಕೇಳುವುದು ಚಿನ್ನ, ವಜ್ರದ ಬಗ್ಗೆ. ಆದರೆ ನಾವು ಮನೆ ಕಟ್ಟುವುದು, ಬೆಳೆ ತೆಗೆಯುವುದು, ಬೋರ್‌ವೆಲ್ ಕೊರೆಸುವುದು ಎಲ್ಲವೂ ಸಾಧಾರಣ ಕಲ್ಲಿನ ಮೇಲೆ. ಆ ಸಾಧಾರಣ ಕಲ್ಲಿನ ಬಗ್ಗೆ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು. ಭೂಕವಚದ 300 ಕೋಟಿ ವರ್ಷಗಳ ಕತೆ ಹೊರಗಡೆಯೇ ಬಿದ್ದುಕೊಂಡಿರುವ ಜಾಗ ಜಗತ್ತಿನಲ್ಲಿ ಜಾಸ್ತಿ ಇಲ್ಲ. ನಮ್ಮ ನಾಡು ಅಂಥ ಒಂದು ಜಾಗ.

ಭೂಕವಚ ಎಷ್ಟು ದಪ್ಪ ಇದೆ?

ಭೂಮಿಯ ಮೇಲ್ಮೈಯಿಂದ ನಡುಬಿಂದುವಿಗೆ 6,371 ಕಿ.ಮೀ. ಅದರಲ್ಲಿ ಭೂಕವಚ ತೀರಾ ತೆಳು. ಖಂಡಗಳ ಕೆಳಗೆ ಸಾಮಾನ್ಯವಾಗಿ 30ರಿಂದ 50 ಕಿ.ಮೀ., ಸಮುದ್ರದ ತಳದಲ್ಲಿ ಬರೀ 6–7 ಕಿ.ಮೀ. ಟಿಬೆಟ್ ಕೆಳಗೆ ಮಾತ್ರ ಸುಮಾರು 70 ಕಿ.ಮೀ. ದಪ್ಪ ಇದೆ. ಭೂಮಿಯ ಒಟ್ಟು ತೂಕದಲ್ಲಿ ಕವಚದ ಪಾಲು ನೂರಕ್ಕೆ ಒಂದರಷ್ಟೂ ಇಲ್ಲ.

ಕರ್ನಾಟಕದ ಕೆಳಗೂ ದಪ್ಪ ಒಂದೇ ಸಮ ಇಲ್ಲ. ಭೂಕಂಪದ ಅಲೆಗಳನ್ನು ಅಳೆದು ನೋಡಿದಾಗ ರಾಜ್ಯದ ಪೂರ್ವ ಭಾಗದಲ್ಲಿ ಸುಮಾರು 35–40 ಕಿ.ಮೀ., ಪಶ್ಚಿಮ ಭಾಗದಲ್ಲಿ 40ರಿಂದ 50 ಕಿ.ಮೀ. ಸಿಕ್ಕಿದೆ. ಬೆಂಗಳೂರಿನಲ್ಲಿ ನಿಂತವರಿಗೆ ಕವಚದ ತಳ ಹೆಚ್ಚು ಕಡಿಮೆ ರಾಮನಗರದಷ್ಟೇ ದೂರ. ಅಲ್ಲಿಗೆ ಕಾರಿನಲ್ಲಿ ಒಂದು ಗಂಟೆ ಸಾಕು. ಕೆಳಗಿನ ತಳಕ್ಕೆ ಇವತ್ತಿನವರೆಗೆ ಯಾರೂ ತಲುಪಿಲ್ಲ.

ಭೂಕವಚ ಯಾವುದರಿಂದ ಆಗಿದೆ?

ತೂಕದ ಲೆಕ್ಕದಲ್ಲಿ ನೋಡಿದರೆ ನೂರಕ್ಕೆ 46ರಿಂದ 47 ಭಾಗ ಆಮ್ಲಜನಕ. 28ರ ಹತ್ತಿರ ಸಿಲಿಕಾನ್. ಆಮೇಲೆ ಅಲ್ಯೂಮಿನಿಯಂ ಸುಮಾರು 8, ಕಬ್ಬಿಣ 5, ಕ್ಯಾಲ್ಸಿಯಂ 3.6, ಸೋಡಿಯಂ 2.8, ಪೊಟ್ಯಾಸಿಯಂ 2.6, ಮೆಗ್ನೀಸಿಯಂ 2.1. ಈ ಎಂಟೇ ಧಾತುಗಳು ಸೇರಿ 98ಕ್ಕೂ ಜಾಸ್ತಿ ಆಗುತ್ತವೆ. ಚಿನ್ನ, ಬೆಳ್ಳಿ, ತಾಮ್ರ, ಸೀಸ, ತವರ, ಯುರೇನಿಯಂ, ನಾವು ಬೆಲೆ ಕಟ್ಟುವ ಬಹುತೇಕ ಎಲ್ಲವೂ ಉಳಿದ ಒಂದೂವರೆ ಭಾಗದೊಳಗೆ ಬರಬೇಕು.

ಈ ಲೆಕ್ಕ ಹಾಕಿದ್ದು ಸುಲಭದ ಕೆಲಸವಲ್ಲ. ಅಮೆರಿಕದ ರಸಾಯನ ವಿಜ್ಞಾನಿ ಫ್ರಾಂಕ್ ಕ್ಲಾರ್ಕ್ 1889ರಿಂದಲೇ ಇದರ ಹಿಂದೆ ಬಿದ್ದಿದ್ದರು. 1924ರಲ್ಲಿ ಅವರು ಮತ್ತು ಹೆನ್ರಿ ವಾಷಿಂಗ್ಟನ್ ಸೇರಿ ಬೇರೆ ಬೇರೆ ಕಡೆಯ 5,159 ಅಗ್ನಿಶಿಲೆಗಳ (ಕರಗಿದ ಕಲ್ಲು ತಣ್ಣಗಾಗಿ ಆದ ಶಿಲೆಗಳ) ವಿಶ್ಲೇಷಣೆಗಳನ್ನು ಕೂಡಿಸಿ ಸರಾಸರಿ ತೆಗೆದರು. ಆಮೇಲೆ ಎಷ್ಟೋ ಹೊಸ ವಿಧಾನಗಳು ಬಂದವು. ಆದರೂ ಅವರ ಅಂಕಿಗಳು ಹೆಚ್ಚು ಅಲುಗಾಡಿಲ್ಲ. ಇದು ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ವಿಷಯ.

ಆಮ್ಲಜನಕ ಗಾಳಿಯಲ್ಲಿ ತಾನೇ ಇರುವುದು? ಕಲ್ಲಿನೊಳಗೆ ಹೇಗೆ ಬಂತು?

ಗಾಳಿಯಲ್ಲಿರುವುದು ಅನಿಲ. ಕಲ್ಲಿನಲ್ಲಿರುವುದು ಬೇರೆ ಧಾತುಗಳ ಜೊತೆ ಗಟ್ಟಿಯಾಗಿ ಬೆಸೆದುಕೊಂಡ ಆಮ್ಲಜನಕ. ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳು ನಿಲ್ಲುತ್ತವೆ. ಈ ನಾಲ್ಕರ ಕಟ್ಟೇ ಭೂಕವಚದ ಮೂಲ ಇಟ್ಟಿಗೆ. ಈ ಕಟ್ಟುಗಳು ಒಂಟಿಯಾಗಿ ಇರಬಹುದು, ಸಾಲಾಗಿ ಸೇರಬಹುದು, ಹಾಳೆಯಾಗಿ ಹರಡಬಹುದು, ಎಲ್ಲ ದಿಕ್ಕಿಗೂ ಹೆಣೆದುಕೊಳ್ಳಬಹುದು. ಹಾಳೆಯಾಗಿ ಹರಡಿದರೆ ಅಭ್ರಕ ಸಿಗುತ್ತದೆ. ಅದಕ್ಕೇ ಅಭ್ರಕವನ್ನು ಉಗುರಿನಲ್ಲಿ ಪದರ ಪದರವಾಗಿ ಬಿಡಿಸಬಹುದು. ಎಲ್ಲ ದಿಕ್ಕಿಗೂ ಹೆಣೆದುಕೊಂಡರೆ ಬೆಣಚುಕಲ್ಲು (ಕ್ವಾರ್ಟ್ಸ್) ಅಥವಾ ಫೆಲ್ಡ್‌ಸ್ಪಾರ್ ಎಂಬ ಖನಿಜ.

ಆಮ್ಲಜನಕದ ಪರಮಾಣುಗಳು ಈ ಕಟ್ಟಿನಲ್ಲಿ ದೊಡ್ಡವು, ಸಿಲಿಕಾನ್ ಚಿಕ್ಕದು. ಹಾಗಾಗಿ ತೂಕ ಬಿಟ್ಟು ಜಾಗದ ಲೆಕ್ಕ ಹಿಡಿದರೆ ಭೂಕವಚದ ನೂರಕ್ಕೆ 90ಕ್ಕೂ ಜಾಸ್ತಿ ಭಾಗ ಆಮ್ಲಜನಕವೇ.

ಖನಿಜಕ್ಕೂ ಶಿಲೆಗೂ ಏನು ವ್ಯತ್ಯಾಸ?

ಒಂದು ನಿಗದಿತ ರಾಸಾಯನಿಕ ರಚನೆ ಇದ್ದು, ಪರಮಾಣುಗಳು ಒಂದು ಕ್ರಮದಲ್ಲಿ ಕೂತಿದ್ದರೆ ಅದು ಖನಿಜ. ಖನಿಜಗಳು ಸೇರಿ ಆದದ್ದು ಶಿಲೆ. ಕೋಸಂಬರಿಯಲ್ಲಿ ಬೇಳೆ, ಸೌತೆಕಾಯಿ, ತೆಂಗಿನತುರಿ ಬೇರೆ ಬೇರೆಯಾಗಿ ಕಾಣುತ್ತವಲ್ಲ, ಹಾಗೆ ಗ್ರಾನೈಟ್‌ನಲ್ಲಿ ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಕಪ್ಪು ಅಭ್ರಕ ಮೂರೂ ಬರಿಗಣ್ಣಿಗೇ ಕಾಣುತ್ತವೆ. ಸುಣ್ಣದ ಕಲ್ಲಿನಂಥ ಕೆಲವು ಶಿಲೆಗಳಲ್ಲಿ ಹೆಚ್ಚುಕಡಿಮೆ ಒಂದೇ ಖನಿಜ ಇರುವುದೂ ಉಂಟು.

ಜಗತ್ತಿನಲ್ಲಿ ಇದುವರೆಗೆ 6,000ಕ್ಕೂ ಹೆಚ್ಚು ಖನಿಜಗಳನ್ನು ಗುರುತಿಸಿದ್ದಾರೆ. ಗಾಬರಿ ಬೇಡ. ಅದರಲ್ಲಿ ಹತ್ತು ಹನ್ನೆರಡು ಗೊತ್ತಿದ್ದರೆ ನಿಮ್ಮ ಸುತ್ತಲಿನ ಹೆಚ್ಚಿನ ಕಲ್ಲುಗಳನ್ನು ಓದಬಹುದು.

ಎಲ್ಲಕ್ಕಿಂತ ಜಾಸ್ತಿ ಇರುವ ಖನಿಜ ಯಾವುದು?

ಹೆಚ್ಚಿನವರು ಬೆಣಚುಕಲ್ಲು ಅಂದುಕೊಳ್ಳುತ್ತಾರೆ. ನಿಜವಾದ ಉತ್ತರ ಫೆಲ್ಡ್‌ಸ್ಪಾರ್. ಭೂಕವಚದ ಅರ್ಧದಷ್ಟು ಅದೇ. ಇದು ಒಂದೇ ಖನಿಜವಲ್ಲ, ಒಂದು ಕುಟುಂಬ. ಸೋಡಿಯಂ, ಕ್ಯಾಲ್ಸಿಯಂ ಇರುವ ಬಗೆಗಳಿಗೆ ಪ್ಲೇಜಿಯೋಕ್ಲೇಸ್ ಎನ್ನುತ್ತಾರೆ. ಅವು ಸಾಮಾನ್ಯವಾಗಿ ಬಿಳಿ ಅಥವಾ ಬೂದು. ಪೊಟ್ಯಾಸಿಯಂ ಇರುವ ಬಗೆಗಳು ಎಷ್ಟೋ ಸಲ ಗುಲಾಬಿ. ಇಳಕಲ್ ಕಡೆಯ ಕೆಂಪು ಗ್ರಾನೈಟ್‌ಗೆ ಆ ಬಣ್ಣ ಬಂದಿರುವುದು ಈ ಫೆಲ್ಡ್‌ಸ್ಪಾರ್‌ನಿಂದ.

ಬೆಣಚುಕಲ್ಲಿನ ಪಾಲು ನೂರಕ್ಕೆ ಸುಮಾರು 12. ಪೈರಾಕ್ಸಿನ್‌ ಎಂಬ ಗಾಢ ಬಣ್ಣದ ಖನಿಜಗಳು 11ರ ಹತ್ತಿರ. ಅಂಥವೇ ಆದ ಆಂಫಿಬೋಲ್, ಅಭ್ರಕ, ಜೇಡಿ ಖನಿಜಗಳು ತಲಾ 5ರ ಆಸುಪಾಸು. ಸಿಲಿಕಾನ್, ಆಮ್ಲಜನಕ ಎರಡೂ ಇರುವ ಸಿಲಿಕೇಟ್‌ಗಳನ್ನೆಲ್ಲ ಕೂಡಿಸಿದರೆ 90 ದಾಟುತ್ತದೆ.

ಇಷ್ಟೊಂದು ಇದ್ದರೂ ಫೆಲ್ಡ್‌ಸ್ಪಾರ್ ಹೆಸರು ಕೇಳಿದವರು ಕಡಿಮೆ. ಆದರೆ ನಿಮ್ಮ ಸ್ನಾನದ ಮನೆಯ ಟೈಲ್ಸ್, ಚಹಾ ಕುಡಿಯುವ ಪಿಂಗಾಣಿ ಲೋಟ ತಯಾರಾಗುವಾಗ ಅದು ಬೇಕೇ ಬೇಕು. ಹೊಲದ ಜೇಡಿಮಣ್ಣಿನ ಬಹುಪಾಲು ಅದು ಕೊಳೆತು ಆದದ್ದು.

ದಾರಿಯಲ್ಲಿ ಸಿಕ್ಕ ಕಲ್ಲಿನಲ್ಲಿ ಏನಿದೆ ಅಂತ ಹೇಗೆ ಗುರುತಿಸುವುದು?

ಮೊದಲು ಹೊಸದಾಗಿ ಒಡೆದ ಮುಖ ನೋಡಿ. ಬಿಸಿಲು ಮಳೆಗೆ ಒಡ್ಡಿಕೊಂಡ ಹೊರಮೈ ಮೋಸ ಮಾಡುತ್ತದೆ. ಗಾಜಿನ ಹಾಗೆ ಹೊಳೆಯುತ್ತಾ, ಅಡ್ಡಾದಿಡ್ಡಿ ಒಡೆದಿದ್ದರೆ ಬೆಣಚುಕಲ್ಲು. ಕಬ್ಬಿಣದ ಮೊಳೆಯಿಂದ ಗೀರಿದರೂ ಅದಕ್ಕೆ ಗೀರು ಬೀಳುವುದಿಲ್ಲ. ಚಪ್ಪಟೆ ಮುಖಗಳಾಗಿ ಒಡೆದು, ಕಲ್ಲನ್ನು ತಿರುಗಿಸಿದಾಗ ಥಟ್ಟನೆ ಮಿನುಗಿದರೆ ಫೆಲ್ಡ್‌ಸ್ಪಾರ್. ತೆಳು ಹಾಳೆಯಾಗಿ ಏಳುವ ಹೊಳಪಿನ ಚೂರು ಅಭ್ರಕ. ಹಳ್ಳಿಗಳಲ್ಲಿ ಮಕ್ಕಳು ಕಾಗೆಬಂಗಾರ ಅಂತ ಆರಿಸಿಕೊಳ್ಳುವುದು ಇದನ್ನೇ. ಉಗುರಿನಲ್ಲೇ ಗೀರು ಬಿದ್ದು, ಮುಟ್ಟಿದರೆ ಸೋಪಿನ ಹಾಗೆ ಜಾರಿದರೆ ಬಳಪದ ಕಲ್ಲು.

ಸುಣ್ಣದ ಕಲ್ಲು ಹೌದೋ ಅಲ್ಲವೋ ನೋಡಲು ಸ್ವಲ್ಪ ಪುಡಿ ಮಾಡಿ ನಿಂಬೆರಸ ಹಾಕಿ. ಸಣ್ಣ ಗುಳ್ಳೆಗಳು ಎದ್ದರೆ ಹೌದು. ಮಕ್ಕಳಿದ್ದರೆ ಇನ್ನೊಂದು ಪ್ರಯೋಗ ಮಾಡಿಸಿ. ಒಣ ಮರಳಿನಲ್ಲಿ ಅಯಸ್ಕಾಂತ ಆಡಿಸಿದರೆ ಕಪ್ಪು ಪುಡಿ ಅಂಟಿಕೊಳ್ಳುತ್ತದೆ. ಅದು ಮ್ಯಾಗ್ನಟೈಟ್, ಕಬ್ಬಿಣದ ಖನಿಜ.

ಮೂರು ಬಗೆಯ ಶಿಲೆಗಳಲ್ಲಿ ಯಾವುದು ಜಾಸ್ತಿ?

ಅಗ್ನಿಶಿಲೆ ಮತ್ತು ಬಿಸಿ, ಒತ್ತಡಕ್ಕೆ ಬದಲಾದ ರೂಪಾಂತರ ಶಿಲೆ ಸೇರಿ ಭೂಕವಚದ ನೂರಕ್ಕೆ 95 ಭಾಗ. ಮರಳುಗಲ್ಲು, ಸುಣ್ಣದ ಕಲ್ಲು, ಜೇಡಿಕಲ್ಲಿನಂಥ ಕಣಶಿಲೆಗಳು ಬರೀ 5. ಆದರೆ ಆ ಐದು ಭಾಗ ಮೇಲೆ ತೆಳುವಾಗಿ ಹರಡಿಕೊಂಡಿದೆ. ಜಗತ್ತಿನ ನೆಲದ ಮೇಲ್ಮೈಯಲ್ಲಿ ಮುಕ್ಕಾಲು ಭಾಗದ ಹತ್ತಿರ ಕಾಣುವುದು ಕಣಶಿಲೆಯೇ.

ಕರ್ನಾಟಕದಲ್ಲಿ ಮಾತ್ರ ಇದು ಉಲ್ಟಾ. ಇಲ್ಲಿ ಆ ಹೊದಿಕೆ ಬಹುತೇಕ ಕಡೆ ಇಲ್ಲ. ಕೆಳಗಿರಬೇಕಾದ ಹಳೆಯ ಶಿಲೆಗಳು ನೇರವಾಗಿ ಹೊರಗೆ ನಿಂತಿವೆ. ಹಾಗಾಗಿ ಬೇರೆ ದೇಶದ ಪುಸ್ತಕದಲ್ಲಿ ಓದಿದ್ದನ್ನು ಇಲ್ಲಿಗೆ ಹಾಗೇ ಹೊಂದಿಸಲು ಹೋದರೆ ತಾಳೆ ಆಗುವುದಿಲ್ಲ.

ಸಮುದ್ರದ ತಳದ ಕವಚವೂ ಇದೇ ಕಲ್ಲಾ?

ಅಲ್ಲ. ಅಲ್ಲಿರುವುದು ಲಾವಾ ಗಟ್ಟಿಯಾಗಿ ಆದ ಕಪ್ಪು ಕಲ್ಲು ಬಸಾಲ್ಟ್, ಅದರ ಕೆಳಗೆ ಅದೇ ರಚನೆಯ ಗ್ಯಾಬ್ರೋ. ಸಿಲಿಕಾ (ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ್ದು) ನೂರಕ್ಕೆ 50ರಷ್ಟು. ಖಂಡಗಳ ಕವಚದಲ್ಲಿ ಸರಾಸರಿ 60. ಸಮುದ್ರದ ಕವಚದಲ್ಲಿ ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ ಇರುವುದರಿಂದ ಅದು ಭಾರ. ಖಂಡಗಳದ್ದು ಹಗುರ ಮತ್ತು ದಪ್ಪ. ಖಂಡಗಳು ನೀರಿನ ಮಟ್ಟಕ್ಕಿಂತ ಮೇಲೆ ನಿಂತಿರುವುದು ಇದೇ ಕಾರಣಕ್ಕೆ.

ವಯಸ್ಸಿನಲ್ಲೂ ಅಜಗಜಾಂತರ ಇದೆ. ಸಮುದ್ರದ ತಳ ನಡುಸಾಗರದ ಬಿರುಕುಗಳಲ್ಲಿ ಹುಟ್ಟಿ, ಅಂಚಿನಲ್ಲಿ ಮತ್ತೆ ಕೆಳಗೆ ಇಳಿದುಹೋಗುತ್ತದೆ. ಅದರ ಬಹುಪಾಲು 20 ಕೋಟಿ ವರ್ಷದೊಳಗಿನದು. ಖಂಡದ ಕಲ್ಲು ಹಗುರವಾಗಿರುವುದರಿಂದ ಮುಳುಗದೆ ಉಳಿಯುತ್ತದೆ. ಹಾಸನ ಜಿಲ್ಲೆಯ ಗೊರೂರು ಸುತ್ತಲಿನ ನೈಸ್ (ಪಟ್ಟಿ ಪಟ್ಟಿಯಾಗಿರುವ ರೂಪಾಂತರ ಶಿಲೆ) ಶಿಲೆಗೆ 330 ಕೋಟಿ ವರ್ಷ. ಕೆನಡಾದ ಅಕಾಸ್ಟಾ ನೈಸ್‌ಗೆ 400 ಕೋಟಿ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳುಗಳಲ್ಲಿ ಅತ್ಯಂತ ಹಳೆಯದಕ್ಕೆ ಸುಮಾರು 440 ಕೋಟಿ ವರ್ಷ. ಭೂಮಿಗೇ ವಯಸ್ಸು 454 ಕೋಟಿ!

ಶಾಲೆಯಲ್ಲಿ ಸಿಯಾಲ್, ಸಿಮಾ ಅಂತ ಎರಡು ಪದರ ಕಲಿತಿದ್ದೆವು. ಅದು ಸರಿಯಾ?

ಮೇಲೆ ಸಿಲಿಕಾನ್–ಅಲ್ಯೂಮಿನಿಯಂ ಪದರ, ಕೆಳಗೆ ಸಿಲಿಕಾನ್–ಮೆಗ್ನೀಸಿಯಂ ಪದರ ಎನ್ನುವ ಈ ಚಿತ್ರ ಎಡ್ವರ್ಡ್ ಸೂಸ್ ಎಂಬ ಆಸ್ಟ್ರಿಯದ ವಿಜ್ಞಾನಿಯ ಕಾಲದ್ದು. ಖಂಡ ಮತ್ತು ಸಮುದ್ರದ ಕವಚಗಳ ರಾಸಾಯನಿಕ ವ್ಯತ್ಯಾಸ ನೆನಪಿಟ್ಟುಕೊಳ್ಳಲು ಅನುಕೂಲ. ಪರೀಕ್ಷೆಯಲ್ಲಿ ಕೇಳಿದರೆ ಬರೆಯಿರಿ. ಆದರೆ ಖಂಡದ ಕೆಳಗೆ ಗ್ರಾನೈಟ್ ಮುಗಿದು, ಒಂದು ಗೆರೆ ಎಳೆದ ಹಾಗೆ ಬಸಾಲ್ಟ್ ಶುರುವಾಗುತ್ತದೆ ಎಂದು ನಂಬಬೇಡಿ.

ಅದನ್ನು ಪರೀಕ್ಷಿಸಿ ನೋಡಿದ ಜಾಗ ಕೋಲಾ. ಸೋವಿಯತ್ ಒಕ್ಕೂಟದವರು ನಾರ್ವೆ ಗಡಿಯ ಹತ್ತಿರ 1970ರಲ್ಲಿ ಕೊರೆಯಲು ಶುರುಮಾಡಿದರು. 1989ರಲ್ಲಿ 12,262 ಮೀಟರ್ ಮುಟ್ಟಿದರು. ಸುಮಾರು 7 ಕಿ.ಮೀ. ಆಳದಲ್ಲಿ ಭೂಕಂಪದ ಅಲೆಗಳ ವೇಗ ಬದಲಾಗುವುದು ಮೊದಲೇ ಗೊತ್ತಿತ್ತು. ಅಲ್ಲಿ ಬಸಾಲ್ಟ್ ಸಿಗುತ್ತದೆ ಎಂಬ ನಿರೀಕ್ಷೆ ಇತ್ತು. ಸಿಗಲಿಲ್ಲ. ಸಿಕ್ಕಿದ್ದು ಬಿರುಕು ಬಿಟ್ಟು, ರೂಪಾಂತರಗೊಂಡ ಗ್ರಾನೈಟ್ ಬಗೆಯ ಶಿಲೆ. ಆ ಬಿರುಕುಗಳಲ್ಲಿ ನೀರೂ ಇತ್ತು! ತಳದಲ್ಲಿ ಬಿಸಿ 180 ಡಿಗ್ರಿ ಸೆಲ್ಸಿಯಸ್. ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ. ಕೊರೆಯುವುದನ್ನು ನಿಲ್ಲಿಸಬೇಕಾಯಿತು. ಅಷ್ಟು ವರ್ಷ ಕೊರೆದರೂ ಅಲ್ಲಿನ ಕವಚದ ಮೂರನೇ ಒಂದು ಭಾಗವಷ್ಟೇ ದಾಟಿದ್ದು.

ಅಷ್ಟು ಆಳಕ್ಕೆ ಯಾರೂ ಹೋಗಿಲ್ಲ ಅಂದರೆ ಕೆಳಗೆ ಏನಿದೆ ಅಂತ ಗೊತ್ತಾಗಿದ್ದು ಹೇಗೆ?

ಮೂರು ದಾರಿಗಳಿವೆ. ಮೊದಲನೆಯದು ಭೂಕಂಪದ ಅಲೆ. 1909ರ ಅಕ್ಟೋಬರ್‌ನಲ್ಲಿ ಕ್ರೊಯೇಷಿಯಾದಲ್ಲಿ ಭೂಕಂಪ ಆಯಿತು. ಅಲ್ಲಿನ ವಿಜ್ಞಾನಿ ಆಂದ್ರಿಯಾ ಮೊಹೊರೊವಿಚಿಚ್ ಅದರ ದಾಖಲೆಗಳನ್ನು ಕೂತು ನೋಡಿದಾಗ, ದೂರದ ಕೇಂದ್ರಗಳಿಗೆ ಕೆಲವು ಅಲೆಗಳು ಬೇಗ ಬಂದಿದ್ದವು. ಅವು ಕೆಳಗೆ ಹೋಗಿ, ಗಡುಸಾದ ಬೇರೊಂದು ಕಲ್ಲಿನಲ್ಲಿ ವೇಗವಾಗಿ ಓಡಿ ಬಂದಿರಬೇಕು. ಕವಚ ಮುಗಿದು ಅದರ ಕೆಳಗಿನ ದಪ್ಪ ಪದರ, ಅಂದರೆ ಮ್ಯಾಂಟಲ್, ಶುರುವಾಗುವ ಆ ಗಡಿಗೆ ಈಗಲೂ ಅವರದೇ ಹೆಸರು.

ಎರಡನೆಯದು, ಜ್ವಾಲಾಮುಖಿಗಳು ಮೇಲೆ ತರುವ ಚೂರುಗಳು. ನಮ್ಮ ಗಡಿಗೆ ಹತ್ತಿರದ ಅನಂತಪುರ ಜಿಲ್ಲೆಯ ವಜ್ರಕರೂರಿನ ಕಿಂಬರ್ಲೈಟ್ ಶಿಲೆಗಳು ಮ್ಯಾಂಟಲ್‌ನ ತುಣುಕುಗಳನ್ನು ಹೊತ್ತು ತಂದಿವೆ. ವಜ್ರ ಬಂದಿದ್ದೂ ಹಾಗೆಯೇ.

ಮೂರನೆಯದು ನನಗೆ ತುಂಬಾ ಇಷ್ಟ. ಕೆಲವು ಕಡೆ ಭೂಕವಚ ಓರೆಯಾಗಿ ಎದ್ದು, ಮೇಲ್ಭಾಗ ಸವೆದುಹೋಗಿದೆ. ಅಲ್ಲಿ ನೆಲದ ಮೇಲೆ ನಡೆದರೂ ಆಳಕ್ಕೆ ಇಳಿದಂತೆ. ಕರ್ನಾಟಕ ಅಂಥ ಜಾಗ. ಉತ್ತರದ ಸಂಡೂರು, ಗದಗ ಕಡೆ ಇರುವುದು ಕವಚದ ಮೇಲಿನ ಪದರದಲ್ಲಿ, ಕಡಿಮೆ ಬಿಸಿಯಲ್ಲಿ ಬದಲಾದ ಶಿಲೆಗಳು. ದಕ್ಷಿಣಕ್ಕೆ ಬರುತ್ತಾ ಹೋದಂತೆ ಹೆಚ್ಚು ಬಿಸಿ, ಹೆಚ್ಚು ಒತ್ತಡ ಕಂಡ ಶಿಲೆಗಳು ಸಿಗುತ್ತವೆ. ಬಿಳಿಗಿರಿರಂಗನ ಬೆಟ್ಟ ತಲುಪುವ ಹೊತ್ತಿಗೆ ಒಂದು ಕಾಲದಲ್ಲಿ 20 ಕಿ.ಮೀ.ಗೂ ಆಳದಲ್ಲಿದ್ದ ಚಾರ್ನೊಕೈಟ್ ನಿಮ್ಮ ಕಾಲಡಿ ಇರುತ್ತದೆ. ಎಣ್ಣೆ ಸವರಿದಂಥ ಹೊಳಪಿನ, ಹಸಿರು ಮಿಶ್ರಿತ ಬೂದು ಕಲ್ಲು ಅದು.

ಈ ಎರಡರ ನಡುವೆ ಕಬ್ಬಾಳದುರ್ಗ ಬರುತ್ತದೆ. ಅಲ್ಲಿನ ಕಲ್ಲುಗಣಿಯಲ್ಲಿ ಬೂದು ನೈಸ್‌ನ ಮಧ್ಯೆ ಮಧ್ಯೆ ಕಪ್ಪು ಹಸಿರು ಮಚ್ಚೆಗಳಿದ್ದವು. ಮೈಸೂರಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಅವರು ಇದನ್ನು ಗಮನಿಸಿ, ನೈಸ್ ಚಾರ್ನೊಕೈಟ್ ಆಗಿ ಬದಲಾಗುತ್ತಿದ್ದ ಕ್ಷಣವೇ ಇಲ್ಲಿ ಕಲ್ಲಾಗಿ ನಿಂತಿದೆ ಎಂದು 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಕವಚದ ಆಳದಲ್ಲಿ ಬಿಸಿ ಮತ್ತು ಇಂಗಾಲದ ಡೈಆಕ್ಸೈಡ್ ಹೊತ್ತ ದ್ರವಗಳು ಕಲ್ಲಿನ ಖನಿಜಗಳಿಂದ ನೀರನ್ನು ಹೊರಹಾಕಿದಾಗ ಹೀಗಾಗುತ್ತದೆ ಎಂಬ ವಿವರಣೆ ಆಮೇಲೆ ಬೆಳೆಯಿತು. ಜಗತ್ತಿನ ಎಲ್ಲೆಲ್ಲಿಂದಲೋ ವಿಜ್ಞಾನಿಗಳು ಈ ಜಾಗ ನೋಡಲು ಬಂದಿದ್ದಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಪಠ್ಯಪುಸ್ತಕದಲ್ಲಿ ಒಂದು ಪುಟ ಇದಕ್ಕೆ ಕೊಡಬೇಕು ಅಂತ ನನ್ನ ಆಸೆ.

ಕರ್ನಾಟಕದ ಕೆಳಗೆ ಯಾವ ಯಾವ ಕಲ್ಲು ಇದೆ?

ಬುನಾದಿ ಎಂದರೆ ಪೆನಿನ್ಸುಲಾರ್ ನೈಸ್. ಬಿಳಿ, ಕಪ್ಪು ಪಟ್ಟಿಗಳಿರುವ ಬೂದು ಕಲ್ಲು. ಬಿಳಿ ಪಟ್ಟಿಯಲ್ಲಿ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲು, ಕಪ್ಪು ಪಟ್ಟಿಯಲ್ಲಿ ಅಭ್ರಕ ಮತ್ತು ಹಾರ್ನ್‌ಬ್ಲೆಂಡ್ ಎಂಬ ಆಂಫಿಬೋಲ್. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಭೂವಿಜ್ಞಾನ ಇಲಾಖೆ ಶುರುವಾಗಿತ್ತು. ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರು. ಇದೇ ಇಲಾಖೆಯ ಸ್ಮೀತ್ ಅವರು 1916ರಲ್ಲಿ ಈ ಶಿಲೆಗೆ ಹೆಸರಿಟ್ಟರು.

ಈ ನೈಸ್‌ನ ಮಧ್ಯೆ ಉದ್ದುದ್ದ ಪಟ್ಟಿಗಳಾಗಿ ಶಿಸ್ಟ್ ಶಿಲೆಗಳಿವೆ. ಬಾಬಾಬುಡನ್‌ಗಿರಿ, ಚಿತ್ರದುರ್ಗ, ಸಂಡೂರು, ಹಟ್ಟಿ, ಕೋಲಾರ ಎಲ್ಲವೂ ಇವೇ ಪಟ್ಟಿಗಳು. ಹಳೆಯ ಸಮುದ್ರದ ಲಾವಾ, ಕೆಸರು, ಕಬ್ಬಿಣದ ಪದರಗಳು ಮಡಚಿ ಹಿಸುಕಿ ಇವು ಆಗಿವೆ. ನಮ್ಮ ಲೋಹಗಳೆಲ್ಲ ಹೆಚ್ಚುಕಡಿಮೆ ಇವುಗಳಲ್ಲೇ.

ಸುಮಾರು 250 ಕೋಟಿ ವರ್ಷಗಳ ಹಿಂದೆ ಇವೆರಡನ್ನೂ ಸೀಳಿಕೊಂಡು ಕರಗಿದ ಶಿಲೆ ಮೇಲೆ ಬಂತು. ಅದೇ ಕ್ಲೋಸ್‌ಪೇಟ್ ಗ್ರಾನೈಟ್. ರಾಮನಗರದ ಬೆಟ್ಟಗಳು ಇದರವು. ಉತ್ತರ ದಕ್ಷಿಣವಾಗಿ ಸುಮಾರು 400 ಕಿ.ಮೀ. ಉದ್ದಕ್ಕೆ ಹಬ್ಬಿದೆ. ರಾಮನಗರದ ಬಂಡೆಗಳಲ್ಲಿ ಬೆರಳುದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಕಾಣುತ್ತವೆ. ಶಿಲೆ ನಿಧಾನವಾಗಿ ತಣ್ಣಗಾದರೆ ಹರಳಿಗೆ ಬೆಳೆಯಲು ಸಮಯ ಸಿಗುತ್ತದೆ.

ಉತ್ತರದಲ್ಲಿ ಚಿತ್ರ ಬೇರೆ. ಬೀದರ್, ವಿಜಯಪುರ, ಕಲಬುರಗಿ, ಬೆಳಗಾವಿ ಕಡೆ 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ ಈ ಎಲ್ಲವನ್ನೂ ಮುಚ್ಚಿದೆ. ಬಾದಾಮಿ, ಬಾಗಲಕೋಟೆ ಸುತ್ತ ಮರಳುಗಲ್ಲು. ಶಹಾಬಾದ್, ಸೇಡಂ ಸುತ್ತ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಸಾಲಾಗಿ ಇರುವುದು ಅದಕ್ಕೇ. ಕರಾವಳಿಯಲ್ಲಿ ಮುರಕಲ್ಲು. ಜೋರು ಮಳೆಗೆ ಶಿಲೆಯ ಸಿಲಿಕಾ, ಸೋಡಿಯಂ ಎಲ್ಲ ತೊಳೆದುಹೋಗಿ, ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಆದದ್ದು ಅದು. ನೆಲದಲ್ಲಿ ಮೆತ್ತಗಿರುತ್ತದೆ, ಕಡಿದು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ.

ಅಡುಗೆಮನೆ ಕಟ್ಟೆಯ ಕಪ್ಪು ಗ್ರಾನೈಟ್ ನಿಜವಾಗಲೂ ಗ್ರಾನೈಟಾ?

ಹೆಚ್ಚಿನ ಸಲ ಅಲ್ಲ. ಪಾಲಿಶ್ ಹಿಡಿಯುವ ಎಲ್ಲ ಗಟ್ಟಿ ಕಲ್ಲನ್ನೂ ವ್ಯಾಪಾರದಲ್ಲಿ ಗ್ರಾನೈಟ್ ಎನ್ನುತ್ತಾರೆ. ಚಾಮರಾಜನಗರ, ಕನಕಪುರ ಕಡೆಯ ಹೆಸರಾಂತ ಕಪ್ಪು ಕಲ್ಲು ಡಾಲರೈಟ್. ಹಳೆಯ ನೈಸ್‌ನ ಬಿರುಕುಗಳಲ್ಲಿ ನುಗ್ಗಿದ, ಬಸಾಲ್ಟ್ ರಚನೆಯದೇ ಶಿಲೆ. ಅದರಲ್ಲಿ ಪೈರಾಕ್ಸಿನ್ ಮತ್ತು ಪ್ಲೇಜಿಯೋಕ್ಲೇಸ್ ಇರುತ್ತವೆ, ಬೆಣಚುಕಲ್ಲು ಬಹಳ ಕಡಿಮೆ. ಬಳಕೆಗೆ ಏನೂ ತೊಂದರೆ ಇಲ್ಲ, ಗಟ್ಟಿ ಕಲ್ಲೇ. ಮಾರ್ಬಲ್ ಮಾತ್ರ ಬೇರೆ. ಅದು ಸುಣ್ಣದ ಕಲ್ಲಿನ ರೂಪಾಂತರ. ನಿಂಬೆರಸ, ಹುಣಸೆರಸ ಬಿದ್ದರೆ ಮಾಸುತ್ತದೆ. ಅಡುಗೆ ಕಟ್ಟೆಗೆ ಅದು ಬೇಡ.

ದೇವಸ್ಥಾನಗಳಿಗೆ ಯಾವ ಕಲ್ಲು ಬಳಸಿದರು?

ಹತ್ತಿರ ಸಿಕ್ಕಿದ್ದನ್ನು. ಬಾದಾಮಿಯ ಗುಹೆಗಳು ಮರಳುಗಲ್ಲಿನವು. ಬೇಲೂರು, ಹಳೇಬೀಡು ಬಳಪದ ಕಲ್ಲಿನವು. ಅಷ್ಟು ಕುಸುರಿ ಸಾಧ್ಯವಾಗಿದ್ದು ಆ ಕಲ್ಲು ಮೆತ್ತಗಿದ್ದುದರಿಂದ. ಶ್ರವಣಬೆಳಗೊಳದ ಸುಮಾರು 57 ಅಡಿ ಎತ್ತರದ ಗೊಮ್ಮಟ ಗ್ರಾನೈಟ್‌ನದು. ಅಂಥ ಗಡುಸು ಕಲ್ಲಿನಲ್ಲಿ ಸಣ್ಣ ಕುಸುರಿ ಕಷ್ಟ, ದೊಡ್ಡ ನುಣುಪಾದ ಮೈ ಚೆನ್ನಾಗಿ ಬರುತ್ತದೆ. ಗೋಲಗುಮ್ಮಟಕ್ಕೆ ಬಳಸಿದ್ದು ಬಸಾಲ್ಟ್.

ಚಿನ್ನ ಎಲ್ಲ ಕಲ್ಲಿನಲ್ಲೂ ಇದೆಯಂತೆ, ಹೌದಾ?

ಹೌದು, ಆದರೆ ಆಸೆಪಡಬೇಡಿ. ಸಾವಿರ ಟನ್ ಸಾಧಾರಣ ಕಲ್ಲು ಅರೆದರೆ ಕೆಲವೇ ಗ್ರಾಂ ಸಿಗುತ್ತದೆ. ಗಣಿ ನಡೆಯಬೇಕೆಂದರೆ ಒಂದೇ ಟನ್‌ನಲ್ಲಿ ಅಷ್ಟು ಇರಬೇಕು. ಅಂದರೆ ಯಾರೋ ಅದನ್ನು ಸಾವಿರ ಪಟ್ಟು ಒಟ್ಟುಗೂಡಿಸಿರಬೇಕು. ಆ ಕೆಲಸ ಮಾಡುವುದು ಬಿಸಿನೀರು. ಕವಚದ ಆಳದಲ್ಲಿ ಬಿಸಿನೀರು ದೊಡ್ಡ ಪ್ರಮಾಣದ ಕಲ್ಲಿನಿಂದ ಚಿನ್ನವನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಮೇಲೇರುತ್ತದೆ. ಬಿಸಿ, ಒತ್ತಡ ಇಳಿದಾಗ ಬೆಣಚುಕಲ್ಲಿನ ಜೊತೆ ಚಿನ್ನವನ್ನೂ ಬಿಟ್ಟುಹೋಗುತ್ತದೆ. ಕೋಲಾರದಲ್ಲೂ ಹಟ್ಟಿಯಲ್ಲೂ ಚಿನ್ನ ಸಿಕ್ಕಿದ್ದು ಇಂಥ ಬೆಣಚುಕಲ್ಲಿನ ಎಳೆಗಳಲ್ಲಿ.

ಕೋಲಾರದ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಹೋಗಿತ್ತು. ತಳದಲ್ಲಿ ಕಲ್ಲಿನ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿಯುತ್ತಿತ್ತು. ಅಂಥ ಕಡೆ ತಲೆಮಾರುಗಳಿಂದ ದುಡಿದ ಗಣಿ ಕಾರ್ಮಿಕರನ್ನು ನೆನೆಯದೆ ಈ ಚಿನ್ನದ ಮಾತು ಆಡಬಾರದು. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಹಟ್ಟಿ ಇನ್ನೂ ನಡೆಯುತ್ತಿದೆ.

ಕಬ್ಬಿಣವೂ ಹಾಗೇನಾ?

ಕಬ್ಬಿಣಕ್ಕೆ ಅಷ್ಟು ಕಷ್ಟ ಇಲ್ಲ. ಸರಾಸರಿ ಕಲ್ಲಿನಲ್ಲೇ ನೂರಕ್ಕೆ 5 ಇದೆ. ಸಂಡೂರಿನ ಒಳ್ಳೆಯ ಅದಿರಿನಲ್ಲಿ 60ಕ್ಕೂ ಜಾಸ್ತಿ. ಹನ್ನೆರಡು ಪಟ್ಟು ಒಟ್ಟಾದರೆ ಸಾಕು. ಅದನ್ನು ಒಟ್ಟು ಮಾಡಿದ್ದರಲ್ಲಿ ಜೀವಿಗಳ ಪಾಲೂ ಇದೆ. 250 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದಲ್ಲಿ ಆಮ್ಲಜನಕ ಇರಲಿಲ್ಲ, ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಕೊಂಡಿತ್ತು. ಬಿಸಿಲಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡಲು ಶುರುಮಾಡಿದ ಮೇಲೆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಿತು. ಸಿಲಿಕಾ ಒಂದು ಪದರ, ಕಬ್ಬಿಣ ಒಂದು ಪದರ, ಹೀಗೆ. ಬಾಬಾಬುಡನ್, ಸಂಡೂರಿನ ಬೆಟ್ಟಗಳಲ್ಲಿ ಆ ಪಟ್ಟೆಗಳು ಈಗಲೂ ಕಾಣುತ್ತವೆ. ಆಮೇಲೆ ಮಳೆನೀರು ಸಿಲಿಕಾ ತೊಳೆದ ಕಡೆ ಶುದ್ಧ ಅದಿರು ಉಳಿಯಿತು.

ಹೀಗೆ ಒಟ್ಟಾಗಲು ಕೋಟಿಗಟ್ಟಲೆ ವರ್ಷ ಬೇಕು. ಅಗೆದು ಸಾಗಿಸಲು ಕೆಲವು ವರ್ಷ ಸಾಕು. ಅದಿರು ಮತ್ತೆ ಬೆಳೆಯುವ ವಸ್ತು ಅಲ್ಲ ಅಲ್ವಾ?

ರೇರ್ ಅರ್ತ್ ಲೋಹಗಳು ನಿಜವಾಗಲೂ ಅಷ್ಟು ಅಪರೂಪವಾ?

ಕೆಲವು ಅಲ್ಲ. ಇದು ಒಂದೇ ಬಗೆಯ ಗುಣವಿರುವ ಹದಿನೇಳು ಲೋಹಗಳ ಗುಂಪು. ಅದರಲ್ಲಿ ಒಂದಾದ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ, ಸೀಸಕ್ಕಿಂತ ಜಾಸ್ತಿ. ತೊಂದರೆ ಏನೆಂದರೆ ಇವು ಒಂದೇ ಕಡೆ ಸೇರುವುದು ಕಡಿಮೆ, ಸೇರಿದರೂ ಒಂದರಿಂದ ಒಂದನ್ನು ಬೇರ್ಪಡಿಸುವುದು ಕಷ್ಟ.

ಎರೆಮಣ್ಣು, ಕೆಂಪುಮಣ್ಣಿಗೂ ಕೆಳಗಿನ ಕಲ್ಲಿಗೂ ಸಂಬಂಧ ಇದೆಯಾ?

ಇದೆ. ಬಸಾಲ್ಟ್ ಕೊಳೆತರೆ ನೀರು ಹೀರಿ ಉಬ್ಬುವ ಜೇಡಿ ಖನಿಜ ಹುಟ್ಟುತ್ತದೆ. ಅದೇ ಉತ್ತರದ ಎರೆಮಣ್ಣು. ಮಳೆಗೆ ಅಂಟಾಗಿ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವುದು ಇದರಿಂದಲೇ. ದಕ್ಷಿಣದ ನೈಸ್, ಗ್ರಾನೈಟ್ ಕೊಳೆತರೆ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕಬ್ಬಿಣ ತುಕ್ಕು ಹಿಡಿದು ಕೆಂಪು ಬಣ್ಣ ಕೊಡುತ್ತದೆ, ಕರಗದ ಬೆಣಚುಕಲ್ಲು ಮರಳಾಗಿ ಹೊಳೆ ಸೇರುತ್ತದೆ. ಹೊಳೆ ಮರಳಿನಲ್ಲಿ ಬೆಣಚುಕಲ್ಲೇ ಜಾಸ್ತಿ ಇರುವುದು ಹೀಗೆ. ಎಂ-ಸ್ಯಾಂಡ್ ಕಲ್ಲನ್ನು ನೇರವಾಗಿ ಪುಡಿಮಾಡಿದ್ದು. ಹಾಗಾಗಿ ಅದರಲ್ಲಿ ಫೆಲ್ಡ್‌ಸ್ಪಾರ್, ಅಭ್ರಕ ಕೂಡ ಇರುತ್ತವೆ. ಅಭ್ರಕ ಮತ್ತು ಧೂಳು ಜಾಸ್ತಿ ಇದ್ದರೆ ಕಾಂಕ್ರೀಟ್‌ಗೆ ಒಳ್ಳೆಯದಲ್ಲ. ತೊಳೆದದ್ದು ಕೇಳಿ ತೆಗೆದುಕೊಳ್ಳಿ.

ಬೋರ್‌ವೆಲ್ ನೀರಿನ ಫ್ಲೋರೈಡ್ ಕಲ್ಲಿನಿಂದ ಬರುತ್ತದಾ?

ಹೌದು, ನಮ್ಮ ಬಯಲುಸೀಮೆಯಲ್ಲಿ ಬಹುಪಾಲು ಕಲ್ಲಿನಿಂದಲೇ. ಗ್ರಾನೈಟ್, ನೈಸ್‌ನಲ್ಲಿರುವ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಇವುಗಳಲ್ಲಿ ಫ್ಲೋರಿನ್ ಇರುತ್ತದೆ. ನೀರು ಬಿರುಕುಗಳಲ್ಲಿ ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಫ್ಲೋರೈಡ್ ಸೇರಿಕೊಳ್ಳುತ್ತದೆ. ಮೇಲಿನ ಬಾವಿಗಳು ಬತ್ತಿ, ಆಳಕ್ಕೆ ಹೋದಷ್ಟೂ ಸಿಗುವುದು ಬಹಳ ಕಾಲದಿಂದ ಕಲ್ಲಿನ ಜೊತೆ ನಿಂತ ನೀರು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಈ ತೊಂದರೆ ಚೆನ್ನಾಗಿ ಗೊತ್ತು. ಹಲ್ಲು ಕಂದು ಬಣ್ಣಕ್ಕೆ ತಿರುಗುವುದು, ಮೂಳೆ ಗಂಟು ಬಿಗಿಯುವುದು ಇದರ ಗುರುತು.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೂ 1.5 ದಾಟಬಾರದು. ರುಚಿ, ಬಣ್ಣ ನೋಡಿ ಗೊತ್ತಾಗುವುದಿಲ್ಲ, ಪರೀಕ್ಷೆಗೆ ಕೊಡಲೇಬೇಕು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಾಢವಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಂಡು ಕುಡಿಯುವುದಕ್ಕೆ, ಅಡುಗೆಗೆ ಬಳಸುವುದು ಒಳ್ಳೆಯ ದಾರಿ. ಅದು ಕಲ್ಲಿನ ಸಹವಾಸ ಮಾಡಿಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಲು ಎಲ್ಲಿಗೆ ಹೋಗಬೇಕು?

ಬೆಂಗಳೂರಿನವರು ಲಾಲ್‌ಬಾಗ್‌ಗೆ ಹೋಗಿ. ಕೆಂಪೇಗೌಡರ ಗೋಪುರ ಇರುವ ಬಂಡೆ ಸುಮಾರು 300 ಕೋಟಿ ವರ್ಷದ ನೈಸ್. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅದರ ಪಟ್ಟಿಗಳು, ಮಡಿಕೆಗಳು ಚೆನ್ನಾಗಿ ಕಾಣುತ್ತವೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿದಂತಿರುವ ಲಾವಾ ಇದೆ. ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ಆ ಆಕಾರ ಪಡೆಯುತ್ತದೆ. ಅಂದರೆ ಈಗಿನ ಆ ಒಣ ಬಯಲು ಒಂದು ಕಾಲದಲ್ಲಿ ನೀರಿನಡಿ ಇತ್ತು.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಗಳಿಗೆ ಹೋದರೆ ಕಂಬ ಕಂಬವಾಗಿ ನಿಂತ ಲಾವಾ ಸಿಗುತ್ತದೆ. ಬಹಳ ಜನ ಅದನ್ನು ದಖ್ಖನ್ ಬಸಾಲ್ಟ್ ಅಂದುಕೊಳ್ಳುತ್ತಾರೆ. ಅದು ಅದಕ್ಕಿಂತ ಹಳೆಯದು, ಸುಮಾರು 8.8 ಕೋಟಿ ವರ್ಷದ್ದು, ಸಿಲಿಕಾ ಕೂಡ ಜಾಸ್ತಿ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಜ್ವಾಲಾಮುಖಿಯದು. ಮಡಗಾಸ್ಕರ್‌ನಲ್ಲೂ ಅದೇ ಕಾಲದ ಲಾವಾ ಇದೆ.

ಸುತ್ತಿಗೆ ತೆಗೆದುಕೊಂಡು ಹೋಗಬೇಡಿ, ಚೂರು ಒಡೆಯಬೇಡಿ, ಹೆಸರು ಕೆತ್ತಬೇಡಿ. ಒಂದು ಭೂತಗನ್ನಡಿ ಸಾಕು. ಮಳೆಗಾಲದಲ್ಲಿ ಮಲ್ಪೆಯ ದೋಣಿಗಳು ನಿಂತಿರುತ್ತವೆ, ವಿಚಾರಿಸಿಕೊಂಡು ಹೊರಡಿ.